ಡೌನ್ ಮನೆಯ ಎರೆಹುಳುಗಳು

ಲಂಡನ್ ಮಹಾನಗರದ ಗದ್ದಲವನ್ನು ಹಿಂದೆ ಬಿಟ್ಟು ಆಗ್ನೇಯ ದಿಕ್ಕಿಗೆ ಸುಮಾರು 16 ಮೈಲಿ ಸಾಗಿದರೆ ಡೌನ್ ಎಂಬ ಚಿಕ್ಕ ಹಳ್ಳಿ ಎದುರಾಗುತ್ತದೆ. ಬ್ರಾಮ್ಲಿಯಿಂದ ಹೊರಟ ಬಸ್ಸು ಬೇಲಿಗಿಡಗಳ ನಡುವಣ ಇಕ್ಕಟ್ಟಾದ ಹಾದಿಗಳಲ್ಲಿ ಏರಿಳಿದು, ಹಳ್ಳಿಯ ಹಳೆಯ ಚರ್ಚಿನ ಬಳಿ ಪ್ರಯಾಣಿಕರನ್ನು ಇಳಿಸಿ ಹಿಂದಿರುಗುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಚಾರ್ಲ್ಸ್ ಡಾರ್ವಿನ್ನನು 40 ವರ್ಷ ಬಾಳಿದ ಮನೆ. ಹಳ್ಳಿಯು ತನ್ನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಒಮ್ಮೆ ಬದಲಿಸಿಕೊಂಡಿತು. ಮನೆ ಮಾತ್ರ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿತು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗುವುದರಿಂದ ಓದುಗರಿಗೆ ಆ ತೊಡಕಿಲ್ಲ.

1842ರ ಸೆಪ್ಟೆಂಬರಿನಲ್ಲಿ ಡಾರ್ವಿನ್ನನು ಸಂಸಾರ ಸಮೇತನಾಗಿ ಇಲ್ಲಿಗೆ ಬಂದಾಗ ಮನೆಯ ಅಂದವನ್ನು ಮೆಚ್ಚಿ ಬಂದವನಲ್ಲ. ಹಳೆಯದೂ ಅಲ್ಲದ, ಹೊಸದೂ ಅಲ್ಲದ ಕುರೂಪದ ಕಟ್ಟಡವೆಂದೇ ಅವನ ಅಭಿಪ್ರಾಯವಾಗಿತ್ತು. ಆದರೆ ಸುತ್ತಲಿನ ಹೊಲಗಳು, ನೀರವತೆ, ನಡೆದಾಡಲು ದೊರೆತ ಕಾಲುದಾರಿಗಳು ಅವನನ್ನು ಹಿಡಿದು ನಿಲ್ಲಿಸಿದುವು. 1929ರಲ್ಲಿ ಮನೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಬರುವವರಲ್ಲಿ ಬಹುಮಂದಿ, 1859ರಲ್ಲಿ ಪ್ರಕಟವಾಗಿ ಲೋಕವನ್ನೇ ಕಲಕಿದ ಗ್ರಂಥವು ಯಾವ ಕೋಣೆಯಲ್ಲಿ ಬರೆಯಲ್ಪಟ್ಟಿತೆಂದು ನೋಡಿ, ಆ ಕುರ್ಚಿಯ ಮುಂದೆ ಒಂದು ಕ್ಷಣ ನಿಂತು, ತೃಪ್ತರಾಗಿ ಹೊರಡುತ್ತಾರೆ. ಆದರೆ ಹಿತ್ತಿಲಿನಲ್ಲಿ ನಾಲ್ಕು ಬದನೆಗಿಡಗಳನ್ನೂ ಎರಡು ಕೋಳಿಗಳನ್ನೂ ಸಾಕಿಕೊಂಡು, ಅಡಿಗೆಮನೆಯ ಸಿಪ್ಪೆಯನ್ನು ಮಾತ್ರ ದಿನವೂ ಕಸದ ಗಾಡಿಗೆ ಕೊಡುತ್ತಿರುವ ಗೃಹಸ್ಥರಿಗೆ ಈ ಮನೆಯಲ್ಲಿ ನೋಡಬೇಕಾದುದು ಇನ್ನೊಂದಿದೆ.

ಹಿಂಬದಿಯ ಹುಲ್ಲುಹಾಸಿನಲ್ಲಿ, ಮರದ ನೆರಳಿನ ಕಡೆಗೆ, ಬೀಸುವ ಕಲ್ಲಿನಂತಹ ಒಂದು ದುಂಡುಗಲ್ಲು ಮಲಗಿದೆ. ಮಧ್ಯದಲ್ಲಿ ತೂತು; ತೂತಿನೊಳಗೆ ನೆಲದಾಳಕ್ಕೆ ಇಳಿಸಿದ ಲೋಹದ ಸಲಾಕಿಗಳು. ಎರೆಹುಳುಗಳು ಕಲ್ಲಿನ ಅಡಿಯ ಮಣ್ಣನ್ನು ತಿಂದು ಮೇಲಕ್ಕೆ ತಂದು ಹಾಕುತ್ತಾ ಹೋದಂತೆ ಕಲ್ಲು ಕುಸಿಯುತ್ತದೆ, ಸಲಾಕಿ ಕುಸಿಯುವುದಿಲ್ಲ; ಎರಡರ ಅಂತರವನ್ನು ಅಳೆದರೆ ಹುಳುಗಳ ದುಡಿಮೆಯ ಲೆಕ್ಕ ಸಿಕ್ಕುತ್ತದೆ. ಉಪಕರಣವನ್ನು ರಚಿಸಿದವನು ಡಾರ್ವಿನ್ನನ ಮಗ ಹೊರೇಸ್. ವರ್ಷಕ್ಕೆ 2 ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಇಂದು ಕಾಣುವುದು ಮೂಲದ ಮಾದರಿಯಲ್ಲಿ ಮತ್ತೆ ಮಾಡಿಸಿದ ಕಲ್ಲು.

ಡಾರ್ವಿನ್ನನಿಗೆ ಈ ಹುಚ್ಚು ಹತ್ತಿದ್ದು ತಾರುಣ್ಯದಲ್ಲಿ. ಮೇರ್ ಎಂಬಲ್ಲಿದ್ದ ಸೋದರಮಾವ ಜೊಸಾಯ ವೆಜ್‌ವುಡ್‌ನು (ಮುಂದೆ ಮಗಳನ್ನು ಕೊಟ್ಟು ಮಾವನೂ ಆದವನು) ತನ್ನ ಹೊಲದಲ್ಲಿ ಹಿಂದೆ ಹರಡಿದ್ದ ಕೆಂಡದ ಪುಡಿಯೂ ಸುಣ್ಣಮಣ್ಣೂ ಅಂಗುಲಗಟ್ಟಲೆ ಕೆಳಗೆ ಹೋಗಿರುವುದನ್ನು ತೋರಿಸಿದನು. 1837ರಲ್ಲಿ ಡಾರ್ವಿನ್ನನು ಅದನ್ನು ಭೂವಿಜ್ಞಾನ ಸಂಘದ ಮುಂದೆ ಓದಿದನು. ಡೌನಿಗೆ ಬಂದ ವರ್ಷವೇ, ಡಿಸೆಂಬರಿನಲ್ಲಿ, ಮನೆಯ ಪಕ್ಕದ ಹೊಲವೊಂದರ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಕಾಯುತ್ತಾ ಕುಳಿತನು. 1871ರ ನವೆಂಬರಿನಲ್ಲಿ, ಎಂದರೆ 29 ವರ್ಷಗಳು ಸಂದ ಮೇಲೆ, ಅಲ್ಲಿ ಕಾಲುವೆ ತೋಡಿಸಿ ನೋಡಿದರೆ ಬಿಳಿಯ ಚೂರುಗಳ ಗೆರೆ ನೆಲಮಟ್ಟದಿಂದ 7 ಅಂಗುಲ ಕೆಳಗಿತ್ತು. ಇನ್ನೊಂದು ಹೊಲದಲ್ಲಿ ಚಕಮಕಿ ಕಲ್ಲುಗಳು ಎಷ್ಟು ದಟ್ಟವಾಗಿದ್ದುವೆಂದರೆ, ಅವನ ಮಕ್ಕಳು ಇಳಿಜಾರಿನಲ್ಲಿ ಓಡುವಾಗ ಕಲ್ಲುಗಳು ಗಲಗಲನೆ ಸದ್ದು ಮಾಡುತ್ತಿದ್ದುವು. 30 ವರ್ಷಗಳ ಬಳಿಕ ಅದೇ ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಕುದುರೆ ನಾಗಾಲೋಟದಲ್ಲಿ ಓಡಿದರೂ ಗೊರಸಿಗೆ ಒಂದು ಕಲ್ಲೂ ತಾಗುವಂತಿರಲಿಲ್ಲ. ಮಕ್ಕಳು ಅಷ್ಟರಲ್ಲಿ ಮೀಸೆ ಬಂದ ಗಂಡಸರಾಗಿದ್ದರು.

ಇಷ್ಟು ಅಲ್ಪವಾದ ಜೀವಿ ಅಷ್ಟು ದೊಡ್ಡ ಕೆಲಸ ಮಾಡೀತೇ ಎಂದು 1869ರಲ್ಲಿ ಫಿಶ್ ಎಂಬೊಬ್ಬನು ಆಕ್ಷೇಪಿಸಿದನು. ಆ ಮಾತು ಡಾರ್ವಿನ್ನನ ಮನಸ್ಸಿನಲ್ಲಿ ಉಳಿಯಿತು. ಎಪ್ಪತ್ತರ ಅಂಚಿನ ವಯಸ್ಸು, ಎಂದೂ ನೆಟ್ಟಗಿರದ ಆರೋಗ್ಯ. ಆದರೂ ಅವನು ತೋಟದ ಹುಳುಗಳನ್ನು ಹಿಡಿಸಿ ತಂದು, ಮಣ್ಣು ತುಂಬಿದ ಕುಂಡಗಳಲ್ಲಿ ಬಿಟ್ಟು, ತನ್ನ ಅಧ್ಯಯನದ ಕೋಣೆಯಲ್ಲಿಯೇ ಇರಿಸಿಕೊಂಡನು. ಎರೆಹುಳುವಿನ ತೊಟ್ಟಿ ಎಂಬ ಮಾತು ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ಇಂದು ಮನೆಯಲ್ಲಿ ತೊಟ್ಟಿಯಿಡಲು ಹೊರಟವರು ಅರಿತಿರಬೇಕಾದ ಸಂಗತಿಗಳಲ್ಲಿ ಮುಕ್ಕಾಲು ಪಾಲು ಈ ಕುಂಡಗಳಲ್ಲೇ ಕಂಡುವು.

ರಾತ್ರಿಯ ಹೊತ್ತು ಅವನು ಲಾಂದ್ರಕ್ಕೆ ಕೆಂಪು, ನೀಲಿ ಗಾಜುಗಳನ್ನು ಅಡ್ಡ ಹಿಡಿದು ಕುಂಡಗಳ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದನು. ಕಣ್ಣಿಲ್ಲದ ಪ್ರಾಣಿಗೆ ಬೆಳಕಿನ ಅರಿವಿತ್ತು. ಮೈಯ ಮುಂಭಾಗಕ್ಕೆ ಬೆಳಕು ತಾಗಿದರೆ ಬಿಲಕ್ಕೆ ಸರಿಯುತ್ತಿತ್ತು. ಶಬ್ದದ ಪರೀಕ್ಷೆಯಂತೂ ಮನೆಮಂದಿಗೆಲ್ಲ ಹಬ್ಬವಾಗಿದ್ದಿರಬೇಕು. ಸಿಳ್ಳೆ ಊದಿದರು, ಬಸೂನ್ ಎಂಬ ಗಡಸು ಕಂಠದ ವಾದ್ಯವನ್ನು ನುಡಿಸಿದರು, ಕೂಗಿದರು. ಹುಳು ಮಿಸುಕಲಿಲ್ಲ. ಆದರೆ ಕುಂಡಗಳನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಬಾರಿಸಿದೊಡನೆ ಸರ್ರನೆ ಬಿಲ ಸೇರಿತು. ಕಿವುಡು ನಿಜ, ಕಂಪನ ಮಾತ್ರ ತಿಳಿಯುತ್ತದೆ. ಎರೆತೊಟ್ಟಿಯನ್ನು ನೀರೆತ್ತುವ ಪಂಪಿನ ಪಕ್ಕದಲ್ಲೋ ಬಟ್ಟೆಯೊಗೆಯುವ ಯಂತ್ರದ ಮಗ್ಗುಲಲ್ಲೋ ಇಡಬಾರದೆಂಬುದಕ್ಕೂ, ಅದರ ಮೇಲೆ ಗೋಣಿತಾಟು ಹೊದಿಸಿರಬೇಕೆಂಬುದಕ್ಕೂ ಕಾರಣ ಇಷ್ಟೇ.

ಊಟದ ರುಚಿಯನ್ನೂ ಅವನು ವಿಚಾರಿಸದೆ ಬಿಡಲಿಲ್ಲ. ಎಲೆಕೋಸು ಇಷ್ಟ, ಗಜ್ಜರಿಯ ಎಲೆ ಇನ್ನೂ ಇಷ್ಟ, ಈರುಳ್ಳಿಯ ಚೂರನ್ನು ಮಣ್ಣಿನಡಿ ಹುದುಗಿಸಿದರೂ ಹುಡುಕಿ ತಿನ್ನುತ್ತಿದ್ದುವು. ಘಾಟು ವಾಸನೆಯ ಎಲೆಗಳನ್ನು ಮಾತ್ರ ಬಹುಮಟ್ಟಿಗೆ ದೂರ ಇಟ್ಟುವು. ಡೌನಿನ ಹುಳುಗಳು ಈರುಳ್ಳಿ ಮೆಚ್ಚಿದುವೆಂದು ಇಲ್ಲಿನ ಗೃಹಿಣಿಯರು ಮದುವೆಮನೆಯ ಈರುಳ್ಳಿ ಸಿಪ್ಪೆಯನ್ನೆಲ್ಲ ತೊಟ್ಟಿಗೆ ತುಂಬಬಾರದು. ಚೂರು ಬೇರೆ, ರಾಶಿ ಬೇರೆ. ಎಲೆಗಳನ್ನು ಬಿಲಕ್ಕೆ ಎಳೆದುಕೊಳ್ಳುವ ಜಾಣ್ಮೆಯನ್ನು ಅಳೆಯಲು 303 ಕಾಗದದ ತ್ರಿಕೋನಗಳನ್ನು ಕತ್ತರಿಸಿ ಹಾಕಿದಾಗ, ನೂರಕ್ಕೆ 62ನ್ನು ಚೂಪಾದ ತುದಿ ಹಿಡಿದೇ ಎಳೆದಿದ್ದುವು. ಎಲ್ಲಿ ಹಿಡಿದರೆ ಸುಲಭವೆಂಬುದು ಅವಕ್ಕೆ ಗೊತ್ತಿತ್ತು.

ಅವನು 1881ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಕೊನೆಯ ಪುಸ್ತಕದ ವಸ್ತು ಈ ಹುಳುಗಳೇ. ಇಂಗ್ಲೆಂಡಿನ ಅನೇಕ ಭಾಗಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಇವುಗಳ ಹೊಟ್ಟೆಯನ್ನು ಹಾದು ಬರುತ್ತದೆಂದು ಅದರಲ್ಲಿ ಲೆಕ್ಕ ಕೊಟ್ಟನು. ಹಾಸ್ಯಪತ್ರಿಕೆ 'ಪಂಚ್' ವ್ಯಂಗ್ಯಚಿತ್ರ ಬರೆಯಿತು, ಜನ ನಕ್ಕರು, ಪುಸ್ತಕವನ್ನೂ ಕೊಂಡರು. ಆ ಪುಸ್ತಕದಲ್ಲಿ ಕನ್ನಡ ನಾಡಿನ ನೆರೆಯ ನೀಲಗಿರಿಯಿಂದ ಬಂದ ಎರೆಹುಳುವಿನ ಹಿಕ್ಕೆಯೊಂದರ ಚಿತ್ರವೂ ಇದೆ. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿ ಡಾಕ್ಟರ್ ಕಿಂಗ್ ಅದನ್ನು ಒದಗಿಸಿದ್ದನು. ಗೋಪುರದಂತೆ ನೆಟ್ಟಗೆ ನಿಂತ ಆ ಮಣ್ಣಿನ ಗುಪ್ಪೆಯನ್ನು ಮಲೆನಾಡಿನ ಮಕ್ಕಳು ನೋಡಿದರೆ ಕೂಡಲೇ ಗುರುತಿಸಿಯಾರು.

ಮನೆಯಿಂದ ಹೊರಬಂದು ಎಡಬಲ ನೋಡುತ್ತಾ ನಡೆದರೆ ಕಾಯಿಪಲ್ಯದ ತೋಟ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ, ಏಕೆಂದರೆ ಹೊಸಬರು ಮೊದಲು ಎಡವುವುದು ಇಲ್ಲಿಯೇ. ಡಾರ್ವಿನ್ನನ ಹುಳುಗಳು ನೆಲದ ಹುಳುಗಳು; ಬಿಲ ತೋಡಿ ಮಣ್ಣು ತಿಂದು ಬಾಳುವಂಥವು. ಅವನ ಕುಂಡದಲ್ಲಿ ತುಂಬ ಮಣ್ಣೇ ಇದ್ದುದರಿಂದ ಅವು ಸುಖವಾಗಿದ್ದುವು. ಹಿತ್ತಿಲನ್ನು ಅಗೆದು ಸಿಕ್ಕ ಎರೆಹುಳುಗಳನ್ನು ತಂದು ಸಿಪ್ಪೆಯ ತೊಟ್ಟಿಗೆ ಹಾಕಿದರೆ ಅವು ಓಡಿಹೋಗುತ್ತವೆ, ಇಲ್ಲವೇ ಸಾಯುತ್ತವೆ. ತೊಟ್ಟಿಗೆ ಬೇಕಾದುವು ಕೊಳೆಯುವ ಎಲೆ, ಸಗಣಿಗಳ ನಡುವೆ ಮೇಲ್ಪದರದಲ್ಲೇ ವಾಸಿಸುವ ಬೇರೆ ಜಾತಿಗಳು. ಹಳೆಯ ತಿಪ್ಪೆಗಳಲ್ಲಿ ಸಿಗುವ, ಈ ದೇಶದ್ದೇ ಆದ ಪೆರಿಯೋನಿಕ್ಸ್. ಯೂರೋಪಿನ ಕೆಂಪು ಹುಳು ಐಸೀನಿಯಾ. ಆಫ್ರಿಕದಿಂದ ಬಂದ ದಪ್ಪನೆಯ ಯೂಡ್ರಿಲಸ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ರಾಧಾ ಕಾಳೆ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಈ ಯೂಡ್ರಿಲಸ್ ಹುಳುವನ್ನು ಸಾಕಿ, ಅದರ ಗೊಬ್ಬರದ ಗುಣವನ್ನು ಪರೀಕ್ಷಿಸಿದರು. ಎರೆಗೊಬ್ಬರ ಮಾಡುವ ಯಾವುದೇ ತೋಟದಿಂದ ಅರ್ಧ ಕಿಲೋ ಹುಳು ತಂದರೆ ನಾಲ್ಕು ಜನರ ಸಂಸಾರಕ್ಕೆ ಆರಂಭಕ್ಕೆ ಸಾಕು.

ತೊಟ್ಟಿಗೆ ಹಣ ಸುರಿಯಬೇಕಾಗಿಲ್ಲ. ಹಳೆಯ ಮರದ ಪೆಟ್ಟಿಗೆಯೋ ಅಗಲವಾದ ಪ್ಲಾಸ್ಟಿಕ್ ಟಬ್ಬೋ ಆದೀತು. ಆಳ ಒಂದು ಅಡಿಯಿಂದ ಒಂದೂವರೆ ಅಡಿ, ಅಗಲ ಎಷ್ಟಿದ್ದರೂ ಒಳ್ಳೆಯದೇ. ತಳದಲ್ಲಿ ನೀರಿಳಿಯಲು ತೂತುಗಳು, ಕೆಳಗೆ ನಾಲ್ಕು ಇಟ್ಟಿಗೆಗಳು. ಹಿಂದಿನವರು ತಿಂಡಿಯ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದಂತೆ ಇದನ್ನೂ ನಿಲ್ಲಿಸಿದರೆ ಇರುವೆಗಳ ಕಾಟವಿಲ್ಲ. ಒಳಗೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಒಣ ಎಲೆ, ಹರಿದ ಕಾಗದ, ತಣಿದ ಹಳೆಯ ಸಗಣಿ ಹಾಸಬೇಕು; ಹಸಿ ಸಗಣಿ ಕಾವೇರಿ ಹುಳುಗಳನ್ನು ಬೇಯಿಸಿಬಿಡುತ್ತದೆ. ಹುಳುಗಳನ್ನು ಬಿಟ್ಟು ಎರಡು ದಿನ ಸುಮ್ಮನಿದ್ದು, ಬಳಿಕ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹೂತಿಡಬೇಕು. ಮೊದಲಲ್ಲಿ ದಿನಕ್ಕೆ ಒಂದು ಹಿಡಿ. ಅರ್ಧ ಕಿಲೋ ಹುಳು ನೆಲೆಯೂರಿದ ಮೇಲೆ ದಿನಕ್ಕೆ ಕಾಲು ಕಿಲೋ. ಉಪ್ಪು, ಎಣ್ಣೆ, ಒಗ್ಗರಣೆ, ಮೊಸರು, ಮಾಂಸ ಬೇಡ. ನಿಂಬೆಯ ಹೋಳು, ಮೆಣಸಿನಕಾಯಿ ಬೇಡ. ಉಳಿದ ಸಾರನ್ನವನ್ನು ಹಾಕಿ ಪುಣ್ಯ ಕಟ್ಟಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ತೊಟ್ಟಿ ನಾರುವುದು ಅಲ್ಲಿಂದಲೇ.

ತೇವದ ವಿಷಯದಲ್ಲಿಯೂ ಡೌನಿನ ಪುಸ್ತಕ ಕಣ್ಣು ತೆರೆಸುತ್ತದೆ. ಒಣ ಕೋಣೆಯ ಗಾಳಿಯಲ್ಲಿ ಒಂದೇ ಒಂದು ರಾತ್ರಿ ಬಿಟ್ಟರೆ ಎರೆಹುಳು ಸಾಯುವುದೆಂದೂ, ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟ ದೊಡ್ಡ ಹುಳುಗಳು ಸುಮಾರು ನಾಲ್ಕು ತಿಂಗಳು ಬದುಕಿದ್ದುವೆಂದೂ ಪೆರಿಯೇ ಎಂಬ ಫ್ರೆಂಚ್ ವಿದ್ವಾಂಸನು ಕಂಡುದನ್ನು ಡಾರ್ವಿನ್ನನು ಉಲ್ಲೇಖಿಸುತ್ತಾನೆ. ಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಆದ್ದರಿಂದ ತೊಟ್ಟಿಯಲ್ಲಿ ಅದನ್ನು ಕೊಲ್ಲುವುದು ನೀರಲ್ಲ, ಗಾಳಿಯಾಡದೆ ಕೊಳೆತ ನೀರು. ಒಂದು ಹಿಡಿ ತೆಗೆದು ಹಿಂಡಿದರೆ ಎರಡು ಹನಿ ತೊಟ್ಟಿಕ್ಕುವಷ್ಟು ಪಸೆ ಸರಿಯಾದ ಅಳತೆ. ಹೆಚ್ಚಾದರೆ ಒಣ ಎಲೆ ಬೆರೆಸಿ ಕೈಯಾಡಿಸಬೇಕು. ಬೆಂಗಳೂರು, ಮೈಸೂರುಗಳ ಹವೆ ಹುಳುಗಳಿಗೆ ಹಿತ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ತೊಟ್ಟಿಯನ್ನು ತಂಪು ನೆರಳಿಗೆ ಸರಿಸಿ, ಗೋಣಿತಾಟನ್ನು ಆಗಾಗ ನೆನೆಸುತ್ತಿರಬೇಕು.

ಡೌನಿನ ಅಂಗಳದಲ್ಲಿ ಒಂದು ಕಾಲಕ್ಕೆ ಕೋಳಿಗಳೂ ಇದ್ದುವು. ಪಾರಿವಾಳ, ಕೋಳಿಗಳ ತಳಿಗಳನ್ನು ತರಿಸಿ, ಸಂಕರಿಸಿ, ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿಯೆಂದು ಡಾರ್ವಿನ್ನನು ತೀರ್ಮಾನಿಸಿದನು. ತೀರ್ಮಾನ ಬಹುಪಾಲು ಸರಿ. ಆದರೆ ಸಾಕುಕೋಳಿಯ ಹಳದಿ ಕಾಲಿನ ಗುಣ ಬೂದು ಕಾಡುಕೋಳಿಯಿಂದ, ಎಂದರೆ ಪಶ್ಚಿಮ ಘಟ್ಟಗಳಲ್ಲಿ ಇಂದೂ ಕೂಗುವ ಹಕ್ಕಿಯಿಂದ, ಬಂದಿದೆಯೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೋಳಿಗೂ ಎರೆಹುಳುವಿಗೂ ಇನ್ನೊಂದು ನಂಟುಂಟು. ಎರಡಕ್ಕೂ ಹಲ್ಲಿಲ್ಲ, ಎರಡರ ಹೊಟ್ಟೆಯಲ್ಲೂ ಮರಳುಕಲ್ಲು ತುಂಬಿಕೊಂಡು ಆಹಾರ ಅರೆಯುವ ಗಟ್ಟಿ ಚೀಲವೊಂದಿದೆ. ಕೋಳಿಯ ಮೊಟ್ಟೆಚಿಪ್ಪನ್ನು ಒಣಗಿಸಿ ಕುಟ್ಟಿ ತೊಟ್ಟಿಗೆ ಉದುರಿಸಿದರೆ ಹುಳುವಿಗೆ ಅರೆಗಲ್ಲೂ ಆಯಿತು, ತೊಟ್ಟಿಯ ಹುಳಿ ತಗ್ಗಿಸುವ ಸುಣ್ಣವೂ ಆಯಿತು.

ಹುಳುವನ್ನು ಕೋಳಿಗೆ ಹಾಕುವುದೆಂದರೆ ಕೆಲವು ಗೃಹಿಣಿಯರ ಮನಸ್ಸು ಹಿಂಜರಿಯುವುದು ಸಹಜ. ಸಾಕಿದ ಕೈಯಲ್ಲೇ ತೆಗೆದುಕೊಡುವುದು ಹೇಗೆಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡಲಾರದು. ಹಾಕಲೊಲ್ಲದವರು ಗೊಬ್ಬರವನ್ನಷ್ಟೇ ಪಡೆಯಬಹುದು. ಹಾಕುವವರು ತಿಳಿದಿರಬೇಕಾದುದು ಇಷ್ಟು: ಹುಳುವಿನ ಒಣ ತೂಕದಲ್ಲಿ ಅರ್ಧಕ್ಕೂ ಮಿಕ್ಕು ಪ್ರೋಟೀನ್ ಇದ್ದರೂ ಜೀವಂತ ಹುಳುವಿನಲ್ಲಿ ಹೆಚ್ಚು ಪಾಲು ನೀರೇ. ಅದು ಕೋಳಿಗೆ ತಿಂಡಿ, ಊಟವಲ್ಲ; ಕಾಳು, ಸೊಪ್ಪು ತಪ್ಪಿಸುವಂತಿಲ್ಲ. ಮೊದಲ ಮೂರು ನಾಲ್ಕು ತಿಂಗಳು ಒಂದನ್ನೂ ಮುಟ್ಟಬಾರದು. ನಿಂಬೆಬೀಜದಂತಹ ಮೊಟ್ಟೆಕೋಶಗಳು ಕಂಡು, ಅವು ಮೂರು ವಾರಗಳಲ್ಲಿ ಒಡೆದು, ದಾರದೆಳೆಯಂತಹ ಮರಿಗಳು ಬೆಳೆದ ಮೇಲೆ ಮಿಕ್ಕುದನ್ನು ಕೊಡಬಹುದು. ಕೋಳಿಯ ಹಿಕ್ಕೆಯನ್ನು ಮಾತ್ರ ಈ ತೊಟ್ಟಿಗೆ ಎಂದೂ ಹಾಕಬಾರದು. ಅದರ ಘಾಟು ಹುಳುವಿಗೆ ಮಾರಕ. ಅದಕ್ಕಿಂತ ಮುಖ್ಯವಾಗಿ, ಕೋಳಿಯ ಕರುಳು, ಶ್ವಾಸನಾಳಗಳಲ್ಲಿ ನೆಲೆಸುವ ರೋಗದ ಹುಳಗಳು ಎರೆಹುಳುವಿನ ದೇಹದಲ್ಲಿ ಅಡಗಿ ಕುಳಿತು ಮತ್ತೆ ಕೋಳಿಗೆ ಸೇರುತ್ತವೆ. ತೊಟ್ಟಿಗೆ ಜಾಲರಿಯ ಮುಚ್ಚಳವೂ ಇರಲಿ. ಕೋಳಿಗೆ ಒಮ್ಮೆ ದಾರಿ ತಿಳಿಯಿತೆಂದರೆ ಆರು ತಿಂಗಳ ಸಾಕಣೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಎರಡು ಮೂರು ತಿಂಗಳಲ್ಲಿ ಸಿಪ್ಪೆಯ ಗುರುತಿಲ್ಲದ, ಮೊದಲ ಮಳೆಯ ನೆಲದಂತೆ ಕಂಪು ಬೀರುವ ಕರಿಯ ಪುಡಿ ಸಿದ್ಧವಾಗುತ್ತದೆ. ಅದನ್ನು ಬಿಸಿಲಿನ ಬೆಳಕಿನಲ್ಲಿ, ಆದರೆ ಬಿಸಿಲಿಗೆ ಕಾಯದಂತೆ, ಗೋಪುರವಾಗಿ ಸುರಿದರೆ ಡಾರ್ವಿನ್ನನ ಲಾಂದ್ರಕ್ಕೆ ಅಂಜಿದ ಹುಳುಗಳಂತೆ ಇವೂ ಕೆಳಕ್ಕಿಳಿಯುತ್ತವೆ. ಮೇಲಿನ ಪುಡಿಯನ್ನು ಸವರಿ ತೆಗೆದು ಸ್ವಲ್ಪ ಕಾದರೆ ಮತ್ತಷ್ಟು ಇಳಿಯುತ್ತವೆ. ಕೊನೆಗೆ ಬುಡದಲ್ಲಿ ಹುಳುಗಳ ಮುದ್ದೆಯಷ್ಟೇ ಉಳಿಯುತ್ತದೆ. ಮಲ್ಲಿಗೆಯ ಬುಡಕ್ಕೆ ಎರಡು ಹಿಡಿ ಪುಡಿ ಹಾಕಿ ಮಣ್ಣು ಮುಚ್ಚಬೇಕು.

ಇಷ್ಟೆಲ್ಲ ಪಾಡು ಕಾಲು ಕಿಲೋ ಸಿಪ್ಪೆಗಾಗಿಯೇ ಎಂದು ಕೇಳುವವರುಂಟು. ಬೆಂಗಳೂರಿನ ಕಸ ಹೊತ್ತ ಲಾರಿಗಳನ್ನು ಮಂಡೂರಿನ ಗ್ರಾಮಸ್ಥರು 2014ರಲ್ಲಿ ದಾರಿಯಲ್ಲೇ ತಡೆದರು. ವರ್ಷಗಟ್ಟಲೆ ಊರ ಪಕ್ಕದಲ್ಲಿ ಬೆಳೆದ ಆ ಗುಡ್ಡದಲ್ಲಿ ನಾರುತ್ತಿದ್ದುದು ಬಹುಮಟ್ಟಿಗೆ ಇಂತಹ ಕಾಲು ಕಿಲೋಗಳೇ. ಕಾಗದ, ಗಾಜುಗಳು ನಾರುವುದಿಲ್ಲ. ಆ ಹಳ್ಳಿಯ ಬಾವಿಗೆ ಇಳಿದುದು ನಗರದ ಬಾಳೆಸಿಪ್ಪೆಯ, ಕೋಸಿನ ಎಲೆಯ ರಸ.

ಡೌನ್ ಮನೆಯಿಂದ ಹಿಂದಿರುಗುವ ದಾರಿ ಮತ್ತೆ ಚರ್ಚಿನ ಬಳಿಗೇ ಬರುತ್ತದೆ. ಡಾರ್ವಿನ್ನನು 1882ರ ಏಪ್ರಿಲ್ 19ರಂದು, ಹುಳುಗಳ ಪುಸ್ತಕ ಹೊರಬಂದು ಆರು ತಿಂಗಳಾದ ಮೇಲೆ, ತೀರಿಕೊಂಡನು. ಈ ಚರ್ಚಿನ ಅಂಗಳದಲ್ಲೇ ತನ್ನನ್ನು ಮಣ್ಣು ಮಾಡುವರೆಂದು ಅವನು ನಂಬಿದ್ದನು. ಹಿಂದಿನ ವರ್ಷ ಅಣ್ಣ ಇರ‍್ಯಾಸ್ಮಸ್‌ನನ್ನು ಇಲ್ಲಿಯೇ ಹೂಳಲಾಗಿತ್ತು. ಆದರೆ ದೇಶದ ಹಿರಿಯರು ಸೇರಿ ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಕೊಂಡೊಯ್ದು, ರಾಜರೂ ಕವಿಗಳೂ ಮಲಗಿರುವ ಕಲ್ಲುಹಾಸಿನ ಕೆಳಗೆ ಇರಿಸಿದರು. ಹೆಂಡತಿ ಎಮ್ಮಾ ಮಾತ್ರ 1896ರಲ್ಲಿ ಡೌನಿನ ಅಂಗಳ ಸೇರಿದಳು. ಬಸ್ಸಿಗಾಗಿ ಕಾಯುವವರಿಗೆ ಅಲ್ಲಿನ ಹುಲ್ಲುನೆಲ ಕಾಣುತ್ತದೆ. ಮಳೆಯಾದ ಮರುದಿನವಾದರೆ ಹುಲ್ಲಿನ ನಡುವೆ ಎರೆಹುಳುಗಳು ರಾತ್ರಿ ತಂದು ಹಾಕಿದ ಹಸಿ ಮಣ್ಣಿನ ಗುಪ್ಪೆಗಳೂ ಕಂಡಾವು.